ಹದಿನಾರು ವಾರ

ಅತ್ತಿಬೆಲೆಯ ಚಿಕ್ಕಮುನಿಯಮ್ಮ ಸ್ವಭಾವದಲ್ಲಿ ಕೆಟ್ಟವಳಲ್ಲ. ಬಾಡಿಗೆಯವರ ಮಕ್ಕಳಿಗೆ ಕೋಡುಬಳೆ ಕೊಡುವಳು, ಬೀದಿನಾಯಿಗೆ ಮುದ್ದೆ ಹಾಕುವಳು, ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ಓಡುವಳು. ಹೊಟ್ಟೆಕಿಚ್ಚು ಅಂತ ಅವಳಿಗಿದ್ದದ್ದು ಒಬ್ಬಳೇ ಒಬ್ಬಳ ಮೇಲೆ, ವಾರಗಿತ್ತಿ ಈಶ್ವರಮ್ಮನ ಮೇಲೆ. ಆದರೆ ಊರಿಗೆಲ್ಲ ಹಂಚಿದರೂ ಮಿಗುವಷ್ಟನ್ನು ಆ ಒಬ್ಬಳಿಗೇ ಎತ್ತಿಟ್ಟಿದ್ದಳು.

ಅವರ ಗಂಡಂದಿರಾದ ಅಣ್ಣತಮ್ಮಂದಿರಿಬ್ಬರೂ ತೀರಿಹೋಗಿ ವರ್ಷಗಳಾಗಿದ್ದವು. ಅವರು ಬದುಕಿದ್ದಾಗಲೇ ಭಾಗವಾಗಿ, ಒಂದು ಅಂಗಳಕ್ಕೆ ಎರಡು ಮನೆ ಎದುರುಬದುರಾಗಿ ನಿಂತಿದ್ದವು. ಹಿಂದುಗಡೆಯ ಬಾಡಿಗೆ ಮನೆಗಳ ಸಾಲು ಕಿರಿಯವಳಾದ ಈಶ್ವರಮ್ಮನ ಪಾಲಿಗೆ ಬಂದಿತ್ತು. ಫ್ಯಾಕ್ಟರಿ ಕೆಲಸಕ್ಕೆ ಬಂದವರು ಅಲ್ಲಿ ಒಂದೊಂದು ರೂಮಿನಲ್ಲಿ ನಾಲ್ಕು ನಾಲ್ಕು ಜನ ಇದ್ದು ತಿಂಗಳ ಬಾಡಿಗೆ ತಪ್ಪದೆ ಕೊಡುತ್ತಿದ್ದರು. ರಸ್ತೆ ಕಡೆಯ ಎರಡು ಅಂಗಡಿಗಳು ಹಿರಿಯವಳಾದ ಚಿಕ್ಕಮುನಿಯಮ್ಮನವು. ಬಾಡಿಗೆ ಕಡಿಮೆಯೇ. ಆದರೆ ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ಅವಳು ಬೇಕರಿಯ ಮುಂದೆ ಕೆಂಪು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತರೆ, ಬೇಕರಿಯ ದಾಸಪ್ಪ "ಬನ್ನಿ ಓನರಮ್ಮಾ" ಅಂತ ಮೊದಲ ಟೀ ಅವಳ ಕೈಗೇ ಕೊಡುತ್ತಿದ್ದ. ದಾರಿಯಲ್ಲಿ ಹೋಗುವವರು ಮಾತಾಡಿಸಿಯೇ ಹೋಗುತ್ತಿದ್ದರು. ಈಶ್ವರಮ್ಮನಿಗೆ ಎಷ್ಟು ದುಡ್ಡು ಬಂದರೂ ಆ ಸ್ಟೂಲು ಇರಲಿಲ್ಲ. ಉಳಿದ ಎಲ್ಲದರಲ್ಲೂ, ಮಾತು ಕೇಳುವ ಸೊಸೆಯಿಂದ ಹಿಡಿದು ಉದುರದ ಹಲ್ಲಿನವರೆಗೆ, ಆಕೆಯೇ ಮುಂದು. ಸ್ಟೂಲು ಮಾತ್ರ ಚಿಕ್ಕಮುನಿಯಮ್ಮನದು.

ಮೂರು ವರ್ಷದ ಹಿಂದೆ ಕಂಪನಿಯೊಂದು ಊರಿನ ಶಾಲೆಯಲ್ಲಿ ಮೂಳೆ ತಪಾಸಣೆಯ ಶಿಬಿರ ಇಟ್ಟಿತು. ವಾರಗಿತ್ತಿಯರಿಬ್ಬರೂ ಹೋದರು. ಒಬ್ಬಳು ಹೋದರೆ ಇನ್ನೊಬ್ಬಳು ಬಿಟ್ಟಾಳೆಯೇ? ಇಬ್ಬರ ಮೂಳೆಯೂ ಟೊಳ್ಳಾಗಿದೆ ಎಂದು ಗೊತ್ತಾಯಿತು. ಚಿಕ್ಕಮುನಿಯಮ್ಮನ ಚೀಟಿಯಲ್ಲಿ ಮೈನಸ್ ಮೂರು ಪಾಯಿಂಟ್ ಒಂದು ಅಂತ ಬರೆದಿತ್ತು, ಈಶ್ವರಮ್ಮನದರಲ್ಲಿ ಮೈನಸ್ ಎರಡು ಪಾಯಿಂಟ್ ಏಳು. ಚಿಕ್ಕಮುನಿಯಮ್ಮ ಅದನ್ನು ದಾಸಪ್ಪನ ಕೈಲಿ ಓದಿಸಿದಳು. ಮೂರು ದೊಡ್ಡದೋ ಎರಡು ದೊಡ್ಡದೋ ಎಂದು ಕೇಳಿದಳು. ಮೂರೇ ದೊಡ್ಡದು ಅಂತ ದಾಸಪ್ಪ ಹೇಳಿದ. ವಯಸ್ಸಿನಲ್ಲಿ ಐದು ವರ್ಷ ದೊಡ್ಡವಳಾದರೂ ತನಗೇ ಜಾಸ್ತಿ ಬಂದಿದೆಯೆಂದು ಅವಳು ಇಡೀ ಬೀದಿಗೆ ಹೇಳಿಕೊಂಡು ಬಂದಳು.

ಶಿಬಿರದಲ್ಲಿದ್ದ ಡಾಕ್ಟರು ದಿವ್ಯಾ ಅಂತ, ಚಿಕ್ಕ ವಯಸ್ಸಿನ ಹುಡುಗಿ. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ತಾಳ್ಮೆಯಿಂದ ಹೇಳಿದಳು: "ಇದು ವಾರದ ಮಾತ್ರೆ ಅಜ್ಜಿ. ಬೆಳಿಗ್ಗೆ ಎದ್ದ ತಕ್ಷಣ, ಖಾಲಿ ಹೊಟ್ಟೇಲಿ, ಒಂದು ದೊಡ್ಡ ಲೋಟ ನೀರಲ್ಲಿ ನುಂಗ್ಬೇಕು. ಆಮೇಲೆ ಅರ್ಧ ಗಂಟೆ ಕಾಫಿ ಇಲ್ಲ, ತಿಂಡಿ ಇಲ್ಲ, ಮಲಗೋ ಹಾಗೂ ಇಲ್ಲ. ನೆಟ್ಟಗೆ ಇರ್ಬೇಕು. ನಾಲ್ಕು ತಿಂಗಳಿಗೆ ಕೊಟ್ಟಿದ್ದೀನಿ, ಮುಗಿದ ಮೇಲೆ ನಮ್ಮ ಆಸ್ಪತ್ರೆಗೆ ಬನ್ನಿ. ವಾರ ಮಾತ್ರ ತಪ್ಪಿಸ್ಬೇಡಿ."

ಡಾಕ್ಟರ ಮಾತು ಇಷ್ಟು ಚೆನ್ನಾಗಿ ಅರ್ಥವಾದದ್ದು ಚಿಕ್ಕಮುನಿಯಮ್ಮನಿಗೆ ಜೀವಮಾನದಲ್ಲಿ ಅದೇ ಮೊದಲು. ವಾರ ಎಂದರೆ ಅವಳಿಗೆ ತಿಳಿಯದೇ? ಮದುವೆಯಾಗಿ ಬಂದಾಗಿನಿಂದ ಶನಿವಾರ ತಿಮ್ಮಪ್ಪನ ವಾರ ಮಾಡುತ್ತಾ ಬಂದವಳು. ಬರೀ ಹೊಟ್ಟೆ, ನೀರು, ಮಲಗಬಾರದು, ತಪ್ಪಿಸಬಾರದು. ಎಲ್ಲವೂ ವಾರದ ಕಟ್ಟಳೆಯೇ. ಮನೆಗೆ ಬಂದು ಮಾತ್ರೆ ಎಣಿಸಿದಳು. ಪಟ್ಟಿಗೆ ನಾಲ್ಕರಂತೆ ನಾಲ್ಕು ಪಟ್ಟಿ, ಒಟ್ಟು ಹದಿನಾರು. ಹದಿನಾರು ವಾರ! ಹರಕೆಯ ಲೆಕ್ಕವೂ ಸರಿಹೋಯಿತಲ್ಲ ಎಂದು ಕೈಮುಗಿದಳು.

ಶನಿವಾರ ಶನಿವಾರ ಮಾತ್ರೆ ನುಂಗಿದಳು. ನಡುವೆ ದಾಯಾದಿಯೊಬ್ಬರ ಮನೆಯಲ್ಲಿ ಸಾವಾಗಿ ಸೂತಕ ಬಂತು. ಸೂತಕದಲ್ಲಿ ವಾರ ಇಲ್ಲ, ಬಿಟ್ಟಳು. ಮಗಳ ಮನೆಗೆ ಹೋಗಿದ್ದಾಗ ಎರಡು ವಾರ ಬಿಟ್ಟಳು, ನೆಂಟರ ಮನೆಯಲ್ಲಿ ವಾರ ಮಾಡಿದರೆ ಅವರಿಗೆ ತೊಂದರೆ. ಅಂತೂ ಹಿಂದೆ ಮುಂದೆ ಮಾಡಿ ಹದಿನಾರೂ ಮುಗಿದ ದಿನ ತಲೆಗೆ ನೀರು ಹಾಕಿಕೊಂಡು, ತಿಮ್ಮಪ್ಪನ ಗುಡಿಯಲ್ಲಿ ಕಾಯಿ ಒಡೆಸಿ, ಮೂಳೆಯ ವಾರ ಮುಗಿಯಿತೆಂದು ನೆಮ್ಮದಿಯಾಗಿ ಕಾಫಿ ಕುಡಿದಳು. ಖಾಲಿ ಪಟ್ಟಿಗಳನ್ನು ದೇವರ ಗೂಡಿನಲ್ಲಿಟ್ಟಳು. ಡಾಕ್ಟರ ಹತ್ತಿರ ಹೋಗಲಿಲ್ಲ. ವಾರ ಮುಗಿಸಿದವರು ಮತ್ತೆ ಯಾಕೆ ಹೋಗಬೇಕು?

ಆದರೆ ಎದುರು ಮನೆಯಲ್ಲಿ ಈಶ್ವರಮ್ಮನ ವಾರ ಮುಗಿಯಲಿಲ್ಲ.

ಆಕೆಯದು ಸೋಮವಾರ. ಸೊಸೆ ಮಂಜುಶ್ರೀ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯಲ್ಲಿದ್ದಳು. ಸೋಮವಾರ ಮನೆಯಿಂದಲೇ ಕೆಲಸವಾದ್ದರಿಂದ ಆ ದಿನವೇ ಆಗಲೆಂದು ಕ್ಯಾಲೆಂಡರಿನಲ್ಲಿ ಸೋಮವಾರಗಳಿಗೆಲ್ಲ ಕೆಂಪು ಚುಕ್ಕೆ ಇಟ್ಟಿದ್ದಳು. ಬೆಳಿಗ್ಗೆ ಆರೂವರೆಗೆ ಅಂಗಳದಲ್ಲಿ ನಾಟಕ ಶುರು. ಈಶ್ವರಮ್ಮ ಎಲ್ಲರಿಗೂ ಕಾಣುವ ಹಾಗೆ ಮಾತ್ರೆ ನುಂಗಿ, ದೊಡ್ಡ ಸ್ಟೀಲ್ ಲೋಟದ ನೀರನ್ನು ಎತ್ತಿ ಗಟಗಟ ಕುಡಿಯುವಳು. ಆಮೇಲೆ ತುಳಸಿಕಟ್ಟೆಯಿಂದ ಗೇಟಿಗೆ, ಗೇಟಿನಿಂದ ತುಳಸಿಕಟ್ಟೆಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಓಡಾಡುವಳು. ಮಂಜುಶ್ರೀ ಮೊಬೈಲಿನಲ್ಲಿ ಗಂಟೆ ನೋಡಿ "ಆಯ್ತು ಅತ್ತೆ" ಅಂದ ಕೂಡಲೇ ಕೈಗೆ ನೊರೆ ಕಾಫಿ. ಹಬ್ಬವಿರಲಿ, ಸೂತಕವಿರಲಿ, ಇದೊಂದು ನಿಲ್ಲದು.

ಕಿಟಕಿಯ ಹಿಂದೆ ನಿಂತು ಚಿಕ್ಕಮುನಿಯಮ್ಮ ಉರಿದುಹೋಗುತ್ತಿದ್ದಳು. ಹದಿನಾರು ಮುಗಿದ ಮೇಲೂ ಮಾಡುತ್ತಾಳಲ್ಲ, ಪುಣ್ಯವನ್ನೆಲ್ಲ ತಾನೇ ಬಾಚಿಕೊಳ್ಳಬೇಕೆ ಇವಳು? ಅಷ್ಟೊಂದು ಸೊಕ್ಕಿನಿಂದ ನಡೆಯುವುದು ಮೂಳೆಗಾಗಿಯಲ್ಲ, ತನ್ನನ್ನು ಉರಿಸುವುದಕ್ಕೇ ಎಂದು ಅವಳಿಗೆ ಖಾತ್ರಿಯಿತ್ತು. ಹಾಗೆಂದು ಒಂದು ಸೋಮವಾರವೂ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ.

ವರ್ಷವಾದ ಮೇಲೆ ಈಶ್ವರಮ್ಮನ ಮೂಳೆಯನ್ನು ಮತ್ತೆ ಅಳೆಸಿದರು. ಎರಡು ಪಾಯಿಂಟ್ ನಾಲ್ಕು ಬಂತು. ಇಳಿದಿದೆಯೆಂದು ಚಿಕ್ಕಮುನಿಯಮ್ಮನಿಗೆ ಖುಷಿಯೋ ಖುಷಿ. ಅಷ್ಟರಲ್ಲಿ ಮಂಜುಶ್ರೀ ಮೈಸೂರುಪಾಕು ಹಿಡಿದುಕೊಂಡು ಬಂದಳು.

"ಇಳಿದಿದ್ದಕ್ಕೆ ಸ್ವೀಟ್ ಹಂಚ್ತೀಯೇನೆ?" ಅಂದಳು ಚಿಕ್ಕಮುನಿಯಮ್ಮ.

"ಅಯ್ಯೋ ದೊಡ್ಡತ್ತೆ, ಅದು ಮೈನಸ್. ಕಮ್ಮಿ ಆದಷ್ಟೂ ಒಳ್ಳೇದು. ನಿಮ್ಮದು ಮೂರು ಅಂದ್ರೆ ಅತ್ತೆಗಿಂತ ವೀಕು ಅಂತ. ನೀವು ಮಾತ್ರೆ ತಗೊಳ್ತಿದ್ದೀರಿ ತಾನೆ?"

"ತಗಳ್ದೆ ಏನು?" ಅಂದಳು ಚಿಕ್ಕಮುನಿಯಮ್ಮ. ಕೈಯಲ್ಲಿದ್ದ ಮೈಸೂರುಪಾಕನ್ನು ಹಾಗೇ ಕೆಳಗಿಟ್ಟಳು.

ಇಡೀ ಬೀದಿಗೆ ಸಾರಿದ ಮೂರು ಅವಳಿಗೆ ನೆನಪಾಗಿ ಮುಖ ಕೆಂಪಾಯಿತು. ಮಾರನೆಯ ದಿನವೇ ಮಗ ಮುನಿಕೃಷ್ಣನಿಂದ ಮಾತ್ರೆ ತರಿಸಿ, ಬಿಟ್ಟ ವಾರಗಳನ್ನೆಲ್ಲ ತುಂಬಿಸುವವಳ ಹಾಗೆ ಎರಡನ್ನು ಒಟ್ಟಿಗೆ ನುಂಗಿದಳು, ಅದೂ ಕಾಫಿಯ ಜೊತೆ. ನುಂಗಿ ಮಲಗಿದಳು. ಗಂಟೆಯೊಳಗೆ ಎದೆಯಿಂದ ಹೊಟ್ಟೆಯವರೆಗೆ ಬೆಂಕಿ ಹಾಕಿದ ಹಾಗಾಯಿತು. ಅಷ್ಟು ದಿನ ಈಶ್ವರಮ್ಮನನ್ನು ನೋಡಿ ಉರಿಯುತ್ತಿದ್ದ ಹೊಟ್ಟೆ ಅಂದು ನಿಜವಾಗಿಯೇ ಉರಿಯಿತು. ಈ ಮಾತ್ರೆ ತನಗೆ ಆಗಿಬರುವುದಿಲ್ಲ ಎಂದು ಪಟ್ಟಿಯನ್ನು ಎಸೆದಳು. ಆಮೇಲೆ ಆಗೊಮ್ಮೆ ಈಗೊಮ್ಮೆ, ಈಶ್ವರಮ್ಮನ ನಡಿಗೆ ತೀರಾ ಸಹಿಸದೆ ಹೋದಾಗ, ಒಂದು ನುಂಗುವಳು. ತಿಂಗಳುಗಟ್ಟಲೆ ಬಿಡುವಳು. ನೋವೇ ಇಲ್ಲದ ಮೇಲೆ ಔಷಧ ಯಾಕೆ ಎನ್ನುವಳು.

ಕಳೆದ ವರ್ಷ ಬಚ್ಚಲಲ್ಲಿ ಕೈಯೂರಿದ್ದಷ್ಟೇ, ಮಣಿಕಟ್ಟು ಮುರಿಯಿತು. ಆಸ್ಪತ್ರೆಗೆ ಜೊತೆಯಲ್ಲಿ ಬಂದವಳು ಈಶ್ವರಮ್ಮ. ಕೈಗೆ ಪಟ್ಟಿ ಹಾಕಿಸಿದ ಮೇಲೆ ದಿವ್ಯಾ ಡಾಕ್ಟರು ಕೇಳಿದರು: "ವಾರದ ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ ಅಜ್ಜಿ?" ಚಿಕ್ಕಮುನಿಯಮ್ಮ ಪಕ್ಕಕ್ಕೆ ನೋಡಿದಳು. ಈಶ್ವರಮ್ಮ ನೆಟ್ಟಗೆ ನಿಂತಿದ್ದಳು. ಇವಳೆದುರು ಇಲ್ಲ ಅನ್ನುವುದೇ?

"ಊಂ. ಒಂದ್ ವಾರಾನೂ ಬಿಟ್ಟಿಲ್ಲ," ಅಂದಳು.

ಡಾಕ್ಟರು ನಂಬಿದರು. ಮಾತ್ರೆಯನ್ನೇ ಮುಂದುವರಿಸಿ ಅಂದರು. ಆ ಒಂದು ಊಂ ಎಷ್ಟು ದುಬಾರಿಯಾಗಬಹುದೆಂದು ಆಗ ಯಾರಿಗೂ ತಿಳಿಯಲಿಲ್ಲ.

ಈ ವರ್ಷ ಯುಗಾದಿಗೆ ಮುಂಚೆ ಒಂದು ಬೆಳಿಗ್ಗೆ ಈಶ್ವರಮ್ಮನ ಮನೆ ಮುಂದೆ ಟೆಂಪೊ ಬಂದು ನಿಂತಿತು. ಏನೋ ದೊಡ್ಡ ಪೆಟ್ಟಿಗೆ ಇಳಿಸುತ್ತಿದ್ದರು. ಫ್ರಿಜ್ಜೋ, ಬಟ್ಟೆ ಒಗೆಯುವ ಮಿಷನ್ನೋ? ಕಿಟಕಿಯಿಂದ ಸರಿಯಾಗಿ ಕಾಣದೆ ಚಿಕ್ಕಮುನಿಯಮ್ಮ ಬಾಗಿಲಿಗೆ ಓಡಿದಳು. ಆಗತಾನೆ ತೊಳೆದ ಹೊಸ್ತಿಲ ಮುಂದೆ ಕಾಲು ಜಾರಿತು. ಬಿದ್ದಳು ಅನ್ನುವುದಕ್ಕಿಂತ ಕುಕ್ಕರಿಸಿದಳು. ಮಕ್ಕಳು ದಿನಕ್ಕೆ ಹತ್ತು ಸಲ ಹೀಗೆ ಬೀಳುತ್ತವೆ. ಆದರೆ ಸೊಂಟದ ಕೆಳಗೆ ಒಣ ಸೌದೆ ಮುರಿದ ಹಾಗೆ ಲಟಕ್ಕೆಂದದ್ದು ಅವಳ ಕಿವಿಗೇ ಕೇಳಿತು. ಮೊದಲು ಓಡಿ ಬಂದವಳು ಈಶ್ವರಮ್ಮ. ಆ ನೋವಿನಲ್ಲೂ ಚಿಕ್ಕಮುನಿಯಮ್ಮನಿಗೆ ಅನ್ನಿಸಿದ್ದು, ಹೇಗೆ ಓಡುತ್ತಾಳೆ ನೋಡು ಇವಳು, ಅರವತ್ಮೂರರಲ್ಲಿ.

ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು. ಆಪರೇಷನ್ ಮಾಡಿ ಹೊಸ ಕೀಲು ಕೂರಿಸಬೇಕು, ಎರಡು ದಿನದೊಳಗೆ ಆದರೆ ಒಳ್ಳೆಯದು, ಮಲಗಿಯೇ ಇದ್ದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ ಎಂದರು. ಎಲ್ಲ ಸೇರಿ ನಾಲ್ಕು ಲಕ್ಷದ ಮೇಲಾಗುತ್ತದೆ. ಮುನಿಕೃಷ್ಣ ಅತ್ತಿಬೆಲೆಯ ಬಿಡಿಭಾಗದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಮಂಚದ ಪಕ್ಕ ಕೂತು ತಲೆ ಮೇಲೆ ಕೈಹೊತ್ತ.

"ಅಮ್ಮಾ, ಕಂಪನಿ ಇನ್ಶೂರೆನ್ಸಲ್ಲಿ ನಿನ್ನ ಹೆಸರಿಲ್ಲ. ಸಂಬಳ ಇಲ್ದೆ ರಜಾ ಹಾಕಿ ಬಂದಿದ್ದೀನಿ. ಚಿಕ್ಕಮ್ಮ ಐದು ಲಕ್ಷ ಕೊಡ್ತೀನಿ ಅಂತವ್ರೆ. ಅಂಗಡಿ ಎರಡನ್ನೂ ಮೂರು ವರ್ಷಕ್ಕೆ ಭೋಗ್ಯಕ್ಕೆ ಬರ್ಕೊಡೋಣ. ಬಾಡಿಗೆ ಅವ್ರು ತಗೊಳ್ಲಿ."

"ಅಂಗಡಿ ಅವಳ ಕೈಗೆ ಓಗೋದಾದ್ರೆ ನಾನಿಂಗೇ ಮಲಗಿರ್ತೀನಿ ಬಿಡು."

"ಇಂಗೇ ಮಲಗಿದ್ರೆ ಸತ್ತೋಗ್ತೀಯ."

"ಸಾಯ್ತೀನಿ."

ಹೇಳಿದ ಹಾಗೆಯೇ ಹಟ ಹಿಡಿದಳು. ಆ ದಿನ ಹೋಯಿತು. ಮಾರನೆಯ ದಿನ ಮಧ್ಯಾಹ್ನ ದಿವ್ಯಾ ಡಾಕ್ಟರು ಎಕ್ಸ್‌ರೇ ಹಿಡಿದುಕೊಂಡು ಬಂದರು. ಈಶ್ವರಮ್ಮ ಮಂಚದ ಕಾಲ ಬಳಿ ನಿಂತಿದ್ದಳು.

"ಅಜ್ಜಿ, ಮಾತ್ರೆ ಬಿಡದೆ ತಗೊಂಡವರ ಮೂಳೆ ಇಷ್ಟು ಹಾಳಾಗಿದ್ರೆ ನಾನು ಬೇರೆ ಕಾಯಿಲೆ ಇದೆಯಾ ಅಂತ ಹುಡುಕ್ಬೇಕು. ಅದಕ್ಕೆ ಇನ್ನೊಂದಿಷ್ಟು ಟೆಸ್ಟು, ಇನ್ನೊಂದಿಷ್ಟು ಖರ್ಚು. ನಿಜ ಹೇಳಿ, ತಗೊಂಡ್ರಾ?"

ಚಿಕ್ಕಮುನಿಯಮ್ಮ ಗೋಡೆ ಕಡೆ ಮುಖ ತಿರುಗಿಸಿ, "ಅದಿನಾರು ವಾರ ಮುಗ್ಸಿ ಕಾಯಿ ಒಡ್ಸಿದ್ದೆ," ಅಂದಳು.

ಡಾಕ್ಟರಿಗೆ ಅರ್ಥವಾಗಲಿಲ್ಲ. ಈಶ್ವರಮ್ಮನಿಗೆ ಆಯಿತು. ನಗುತ್ತಾಳೆ ಎಂದು ಚಿಕ್ಕಮುನಿಯಮ್ಮ ಹಲ್ಲು ಕಚ್ಚಿ ಕಾದಳು. ಈಶ್ವರಮ್ಮ ನಗಲಿಲ್ಲ.

"ಅಕ್ಕಾ, ಅದು ಆ ವಾರ ಅಲ್ಲ ಕಣಕ್ಕಾ," ಅಂದಳು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ಮುಗಿಯೋ ವಾರ ಅಲ್ಲ ಅದು."

"ಒಂದು ಮಾತ್ರೆಗೆ ಒಂದು ಪ್ಲೇಟ್ ಇಡ್ಲಿ ದುಡ್ಡು ಆಗ್ತಿತ್ತು ಅಜ್ಜಿ, ಅಷ್ಟೇ," ಎಂದು ಡಾಕ್ಟರು ಎಕ್ಸ್‌ರೇಯನ್ನು ಕವರಿಗೆ ಹಾಕಿದರು.

ಚಿಕ್ಕಮುನಿಯಮ್ಮ ಭೋಗ್ಯದ ಕಾಗದಕ್ಕೆ ಸಹಿ ಹಾಕಿದಳು. ಸಾಯುವ ಹೆದರಿಕೆಗಲ್ಲ. ಈಶ್ವರಮ್ಮ ಅತ್ತದ್ದನ್ನು ಇನ್ನೊಂದು ಗಳಿಗೆ ನೋಡುವುದು ಅವಳಿಂದ ಸಾಧ್ಯವಿರಲಿಲ್ಲ.

ಮನೆಗೆ ಬಂದ ಮೇಲೆ ಅವಳ ಮಂಚವನ್ನು ಅದೇ ಕಿಟಕಿಯ ಪಕ್ಕ ಹಾಕಿದರು. ಪರದೆ ಎಳೆದಿರುತ್ತಿತ್ತು. ಒಳಗಿನಿಂದ ಅಂಗಳ ಕಾಣುತ್ತಿತ್ತು, ಅಂಗಳದಿಂದ ಅವಳು ಕಾಣುತ್ತಿರಲಿಲ್ಲ. ಬಚ್ಚಲಿಗೆ ಹೋಗಲು ವಾಕರ್, ಕಾಲು ಬಗ್ಗಿಸಲು ದಿನಾ ಮನೆಗೆ ಬರುವ ಫಿಸಿಯೋ ಹುಡುಗ, ಅವನಿಗೊಂದು ಫೀಸು. ಮುನಿಕೃಷ್ಣ ರಜೆಯಲ್ಲಿ ಕಳೆದದ್ದನ್ನು ತುಂಬಿಸಲು ಓವರ್‌ಟೈಮ್ ಮಾಡಿ ಸುಸ್ತಾಗಿ ಬರುತ್ತಿದ್ದ. ಸಾರು, ಮುದ್ದೆ ಎರಡು ಹೊತ್ತೂ ಈಶ್ವರಮ್ಮನ ಮನೆಯಿಂದ ಬರುತ್ತಿತ್ತು. ರುಚಿಯಾಗಿಯೂ ಇರುತ್ತಿತ್ತು, ಅದೇ ಸಂಕಟ. ಬೇಕರಿಯ ದಾಸಪ್ಪ ಈಗ ಬಾಡಿಗೆಯನ್ನು ಈಶ್ವರಮ್ಮನಿಗೆ ಕೊಟ್ಟು ಹೋಗುತ್ತಿದ್ದ. ಒಂದು ದಿನ ಅವನು ಕೆಂಪು ಸ್ಟೂಲನ್ನೂ ತಂದು ಅಂಗಳದಲ್ಲಿಟ್ಟು, "ಅಮ್ಮ ಬರೋಗಂಟ ಇಲ್ಲೇ ಇರ್ಲಿ ಚಿಕ್ಕಮ್ಮಾ, ಅಲ್ಲಿ ಯಾರ್ಯಾರೋ ಕೂತ್ಕೊತಾರೆ" ಅಂದ. ಆ ಸ್ಟೂಲು ಈಶ್ವರಮ್ಮನ ತುಳಸಿಕಟ್ಟೆಯ ಪಕ್ಕ ಕೂತಿತು. ಕೊನೆಗೆ ಇದೂ ಅವಳ ಕಡೆಗೇ ಹೋಯಿತು ಎಂದು ಚಿಕ್ಕಮುನಿಯಮ್ಮ ಗೋಡೆಗೆ ತಿರುಗಿ ಅತ್ತಳು.

ಸೋಮವಾರ ಬಂತು. ಪರದೆಯ ಸಂದಿನಲ್ಲಿ ಕಣ್ಣಿಟ್ಟು ಕಾದಳು. ಆರೂವರೆ, ಏಳು. ಈಶ್ವರಮ್ಮ ಓಡಾಡಲಿಲ್ಲ. ಮಲಗಿದ್ದಾಳೇನೋ ಎಂದುಕೊಂಡಳು. ಮುಂದಿನ ಸೋಮವಾರವೂ ಇಲ್ಲ. ಆಗ ಚಿಕ್ಕಮುನಿಯಮ್ಮನಿಗೆ ಆಸ್ಪತ್ರೆಯಿಂದ ಬಂದಾಗಿನಿಂದ ಮೊದಲ ಸಲ ಮನಸ್ಸು ಹಗುರಾಯಿತು. ಬಿಟ್ಟಳು! ಅವಳೂ ಬಿಟ್ಟಳು!

ಆ ವಾರ ಗಂಜಿ ತಂದ ಮಂಜುಶ್ರೀ ಮಂಚದ ತುದಿಯಲ್ಲಿ ಕೂತಳು.

"ದೊಡ್ಡತ್ತೆ, ನೀವಾದ್ರೂ ಹೇಳಿ. ನೀವು ಆಸ್ಪತ್ರೆ ಸೇರಿದಾಗಿಂದ ಅತ್ತೆ ಮಾತ್ರೆ ಮುಟ್ತಿಲ್ಲ. ಕೇಳಿದ್ರೆ, ಯಾರೂ ನೋಡ್ದೆ ಇರೋದನ್ನ ಯಾಕೆ ಮಾಡ್ಲಿ ಅಂತಾರೆ. ಏನರ್ಥ ಇದಕ್ಕೆ?"

"ನಂಗ್ಯಾಕೆ ಏಳ್ತೀಯ? ಅವಳ ಮೂಳೆ, ಅವಳಿಷ್ಟ," ಅಂದಳು ಚಿಕ್ಕಮುನಿಯಮ್ಮ.

ಏನರ್ಥ ಎಂಬುದು ಅವಳಿಗೂ ತಿಳಿಯಲಿಲ್ಲ, ಆದರೆ ಮಾತ್ರೆ ಬಿಟ್ಟರೆ ಮುಂದೇನಾಗುತ್ತದೆಂದು ಆ ಕ್ಷಣವೇ ಹೊಳೆದಿತ್ತು. ಸುಮ್ಮನಿದ್ದರೆ ಸಾಕು, ಬೇರೇನೂ ಮಾಡಬೇಕಾಗಿಲ್ಲ. ಒಂದು ವರ್ಷ, ಎರಡು ವರ್ಷ, ಒದ್ದೆ ಹೊಸ್ತಿಲು ಆ ಮನೆಗೂ ಇದೆ. ಅವಳೂ ಬೀಳುತ್ತಾಳೆ, ಅವಳ ಬಾಡಿಗೆ ಮನೆಗಳೂ ಯಾರದೋ ಕೈಗೆ ಹೋಗುತ್ತವೆ, ಆಗ ಇಬ್ಬರೂ ಸಮ. ಮೂರು ದಿನ ಇದನ್ನೇ ನೆನೆಸಿಕೊಂಡು ಸುಖಪಟ್ಟಳು. ನಾಲ್ಕನೆಯ ದಿನ ಆ ಲಟಕ್ ಸದ್ದು ನೆನಪಾಯಿತು. ಆ ಸದ್ದು ಈಶ್ವರಮ್ಮನ ಮೈಯೊಳಗಿಂದ ಬರಲಿ ಎಂದು ಬಯಸಲು ನೋಡಿದಳು, ಆಗಲಿಲ್ಲ. ಎಷ್ಟು ಪ್ರಯತ್ನ ಮಾಡಿದರೂ ಆಗಲಿಲ್ಲ. ಅದೂ ಅಲ್ಲದೆ, ಅವಳು ಮಲಗಿಬಿಟ್ಟರೆ ಈ ಕಿಟಕಿಯಿಂದ ನೋಡುವುದಾದರೂ ಏನನ್ನು? ತನ್ನ ಮೇಲೇ ಸಿಟ್ಟು ಬಂದು ಸೊಸೆಯಂಥ ಮಂಜುಶ್ರೀಯ ಗಂಜಿಗೆ ಉಪ್ಪಿಲ್ಲ ಎಂದು ಬೈದಳು.

ಸೋಮವಾರ ಆರೂವರೆಗೆ ಅವಳು ವಾಕರ್ ಹಿಡಿದು ಎದ್ದು ನಿಂತು, ಪರದೆ ಸರಿಸಿ, ಕಿಟಕಿಯನ್ನು ಪೂರ್ತಿ ತೆರೆದಳು.

"ಏನೇ ಈಸ್ವರೀ! ವಾರ ಬಿಟ್ಟೆಯಂತೆ?"

ಎದುರು ಬಾಗಿಲಲ್ಲಿ ಈಶ್ವರಮ್ಮ ಪೊರಕೆ ಹಿಡಿದು ನಿಂತಳು. "ನೀನ್ಯಾಕಕ್ಕಾ ಎದ್ದೆ?"

"ಕೇಳಿದ್ದಕ್ಕೆ ಏಳು."

"ನಂಗೂ ಆ ಮಾತ್ರೆ ಕಂಡ್ರೆ ಆಗಾಕಿಲ್ಲ ಕಣಕ್ಕಾ. ಸುಣ್ಣ ನುಂಗ್ದಂಗೆ ಆಯ್ತದೆ. ಎರಡು ತಿಂಗಳಿಗೇ ಬಿಡಾನ ಅಂದ್ಕಂಡಿದ್ದೆ." ಈಶ್ವರಮ್ಮ ನಾಚಿಕೆಯಿಲ್ಲದೆ ಹೇಳಿಬಿಟ್ಟಳು: "ನೀನು ಕಿಟಕೀಲಿ ನಿಂತ್ಕಂಡು ಉರ್ಕಂತಿದ್ದೆಯಲ್ಲ, ಅದ್ನ ನೋಡಾಕಂತ್ಲೇ ತಗಂಡೆ. ನೀನು ಆಸ್ಪತ್ರೆಗೋದ್ಮೇಲೆ ಕಿಟಕಿ ಮುಚ್ಚೋಯ್ತು. ಯಾರಿಗೆ ತೋರ್ಸಾಕೆ ನಡೀಲಿ?"

ಎರಡೂವರೆ ವರ್ಷ ತಾನು ಪಟ್ಟ ಹೊಟ್ಟೆಯುರಿಯೆಲ್ಲ ಅವಳ ಮೂಳೆಗೆ ಗೊಬ್ಬರವಾಗಿತ್ತು! ಚಿಕ್ಕಮುನಿಯಮ್ಮನಿಗೆ ಅಳುವುದೋ ಬೈಯುವುದೋ ತಿಳಿಯಲಿಲ್ಲ. ಆಸ್ಪತ್ರೆಯಿಂದ ಬರುವಾಗ ಕೊಟ್ಟಿದ್ದ ಪಟ್ಟಿ ಕಿಟಕಿಯ ಮೇಲಿತ್ತು, ಅದರಿಂದ ಒಂದು ಮಾತ್ರೆ ಬಿಡಿಸಿ ಮೇಲೆತ್ತಿ ತೋರಿಸಿದಳು.

"ಇವತ್ತಿಂದ ನಂದೂ ಸೋಮವಾರ. ನೋಡ್ಕ. ಅರ್ಧ ಗಂಟೆ ಕೂರಾಕಿಲ್ಲ ನಾನು."

ನುಂಗಿದಳು. ಲೋಟದ ನೀರು ಒಂದು ತೊಟ್ಟೂ ಬಿಡದೆ ಕುಡಿದಳು. ವಾಕರ್ ಹಿಡಿದು ಬೆನ್ನು ನೆಟ್ಟಗೆ ಮಾಡಿ ನಿಂತಳು. ಈಶ್ವರಮ್ಮನ ಮುಖ ನೋಡಬೇಕಿತ್ತು. ಪೊರಕೆ ಎಸೆದು ಒಳಗೆ ಹೋದವಳು ಮಾತ್ರೆ, ಸ್ಟೀಲ್ ಲೋಟಗಳ ಜೊತೆಯಲ್ಲೇ ಹೊರಗೆ ಬಂದು ನುಂಗಿದಳು.

"ಕೂತ್ರೂ ಆಗುತ್ತೆ ಅಂತ ಡಾಕ್ಟ್ರು ಹೇಳಿದ್ದಾರೆ ದೊಡ್ಡತ್ತೆ, ನೆಟ್ಟಗೆ ಕೂತ್ರೆ ಸಾಕು!" ಎಂದು ಮಂಜುಶ್ರೀ ಕೂಗಿದಳು. ಯಾರು ಕೇಳುತ್ತಾರೆ? ಒಬ್ಬಳು ಕಿಟಕಿಯಲ್ಲಿ, ಒಬ್ಬಳು ಅಂಗಳದಲ್ಲಿ, ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು ನಿಂತರು. ಅರ್ಧ ಗಂಟೆ ಆಯಿತೆಂದು ಮಂಜುಶ್ರೀ ಹೇಳಿದಳು. ಇಬ್ಬರೂ ಕೂರಲಿಲ್ಲ. ಕಾಫಿ ತಂದಿಟ್ಟಳು. ಮುಟ್ಟಲಿಲ್ಲ. ಮೊದಲು ಕೂತವಳು ಸೋತ ಹಾಗೆ ಎಂಬುದು ಹೇಳದೆಯೇ ಇಬ್ಬರಿಗೂ ಗೊತ್ತಿತ್ತು.

ಚಿಕ್ಕಮುನಿಯಮ್ಮನ ಹೊಸ ಕೀಲಿನ ಕಾಲು ನಡುಗತೊಡಗಿತು. ಹಲ್ಲು ಕಚ್ಚಿ ವಾಕರನ್ನು ಬಿಗಿಯಾಗಿ ಹಿಡಿದಳು. ವಾಕರ್ ಕಟಕಟ ಎಂದಿತು. ಈಶ್ವರಮ್ಮ ಆ ಸದ್ದಿಗೆ ಒಮ್ಮೆ ಕಿಟಕಿಯೊಳಗಿನ ವಾಕರಿನ ಕಡೆ ನೋಡಿದಳು. ಆಮೇಲೆ, ನಲವತ್ತು ವರ್ಷದಲ್ಲಿ ಯಾವುದರಲ್ಲೂ ಬಿಟ್ಟುಕೊಡದವಳು, "ಉಸ್ಸಪ್ಪಾ, ನನ್ ಕೈಲಾಗಾಕಿಲ್ಲ" ಎಂದು ತುಳಸಿಕಟ್ಟೆಯ ಪಕ್ಕದ ಕೆಂಪು ಸ್ಟೂಲಿನ ಮೇಲೆ ಕೂತುಬಿಟ್ಟಳು.

ಚಿಕ್ಕಮುನಿಯಮ್ಮ ನಿಧಾನವಾಗಿ ಮಂಚದ ಮೇಲೆ ಕೂತಳು. ಕಾಲಿನ ನಡುಕ ನಿಂತಿತು. ಗೆದ್ದೆ ಎಂದು ಕಾಫಿಗೆ ಕೈ ಚಾಚಿದವಳು ಅಂಗಳದತ್ತ ನೋಡಿದಳು. ಈಶ್ವರಮ್ಮನ ಮುಖದಲ್ಲಿ ಸುಸ್ತಿನ ಸುಳಿವೇ ಇರಲಿಲ್ಲ. ಇನ್ನೂ ಎರಡು ಗಂಟೆ ನಿಲ್ಲಬಲ್ಲವಳು ಬೇಕೆಂದೇ ಕೂತಿದ್ದಳು.

ಸೋತುಕೊಡುವುದರಲ್ಲೂ ಇವಳೇ ಮುಂದು ಎಂದು ಚಿಕ್ಕಮುನಿಯಮ್ಮನ ಹೊಟ್ಟೆ ಉರಿಯಿತು. ಉರಿಯುತ್ತಲೇ ಕಾಫಿ ಕುಡಿದು ಮುಗಿಸಿ, ಮುಂದಿನ ಸೋಮವಾರ ಎಷ್ಟನೇ ತಾರೀಕು ಎಂದು ಮಂಜುಶ್ರೀಯನ್ನು ಕೇಳಿದಳು.